ಎರಡು ಪುಟದ ಮೌನ

ಕೈ ತೊಳೆದದ್ದಾಯಿತು, ಒರೆಸಿಕೊಂಡದ್ದೂ ಆಯಿತು, ಇನ್ನು ಆ ನಲ್ಲಿಯ ಮುಂದೆ ನಿಂತಿರುವುದಕ್ಕೆ ಯಾವ ನೆಪವೂ ಉಳಿದಿರಲಿಲ್ಲ. ಆದರೂ ಮೇಷ್ಟ್ರು ಇನ್ನೊಂದು ಸಲ ನಲ್ಲಿ ತಿರುಗಿಸಿದರು. ಕಾರಿಡಾರಿನ ಆ ತುದಿಯಲ್ಲಿ ನಾಟಕದ ತರಗತಿ. ಒಳಗೆ ಕುರ್ಚಿ ಎಳೆಯುವ ಸದ್ದು, ಯಾರದೋ ನಗು. ಆ ನಗು ತಮ್ಮ ಬಗ್ಗೆಯೇ ಇರಬೇಕು ಅನ್ನಿಸಿತು, ಮರುಕ್ಷಣವೇ ಥೂ, ಅವರಿಗೇನು ಗೊತ್ತು ಪಾಪ ಅನ್ನಿಸಿತು. ಗೊತ್ತಿರುವುದು ತಮಗೊಬ್ಬರಿಗೇ. ಹೆಗಲ ಚೀಲದಲ್ಲಿ ಎರಡು ಹಾಳೆ ಇದ್ದವು. ಬೆಳಿಗ್ಗೆಯಿಂದ ಅವರು ಆ ಚೀಲವನ್ನು ಎಷ್ಟು ಸಲ ಮುಟ್ಟಿ ನೋಡಿಕೊಂಡಿದ್ದರೋ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ. ಇಲ್ಲಿ ಕಳ್ಳ ಅಂತ ಯಾರೂ ಅಂದೇ ಇರಲಿಲ್ಲ, ಅದೇ ಕಷ್ಟ. ಯಾರಾದರೂ ಅಂದುಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಒಂದು ಜಗಳವಾಗಿ ಎಲ್ಲ ಮುಗಿದುಹೋಗಿರುತ್ತಿತ್ತು.

ಬೆಳಿಗ್ಗೆ ತಿಂಡಿ ತಿನ್ನುವಾಗ ಹೆಂಡತಿಗೆ ಹೇಳಲು ಹೋಗಿದ್ದರು. ಹೇಳಿ ಅಭ್ಯಾಸವಾದರೆ ತರಗತಿಯಲ್ಲೂ ಬಾಯಿ ಬಂದೀತು ಅನ್ನುವ ಲೆಕ್ಕಾಚಾರ. "ಒಂದು ತಪ್ಪಾಗಿಹೋಗಿದೆ ಕಣೇ" ಅಂದರು. ಆಕೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಸೀರೆಗೆ ಪಿನ್ನು ಚುಚ್ಚಿಕೊಳ್ಳುತ್ತ, ಹಲ್ಲಲ್ಲಿ ಇನ್ನೊಂದು ಪಿನ್ನು ಕಚ್ಚಿಕೊಂಡೇ, "ಯಾರಿಂದ?" ಅಂದಳು. ಎಷ್ಟು ಸರಳವಾದ ಪ್ರಶ್ನೆ. ಬಾಯಿ ತೆರೆದರು, ಬಂದ ಉತ್ತರ ಕೇಳಿ ಅವರಿಗೇ ಆಶ್ಚರ್ಯ. "ಝೆರಾಕ್ಸ್ ಅಂಗಡಿಯವನಿಂದ." ಆಕೆ ಪಿನ್ನು ತೆಗೆದು, "ಹಂಗಾದ್ರೆ ಬಿಡಿ, ನೀವ್ಯಾಕೆ ಮುಖ ಹಂಗೆ ಮಾಡ್ಕೊಂಡಿದೀರಾ" ಅಂದು ಹೊರಟುಹೋದಳು. ಆ ಝೆರಾಕ್ಸ್ ಅಂಗಡಿ ಮುಚ್ಚಿ ಯಾವ ಕಾಲವಾಯಿತೋ. ಅಂಗಡಿಯವನು ಬದುಕಿದ್ದಾನೋ ಇಲ್ಲವೋ. ಅವನ ತಲೆಗೆ ಕಟ್ಟಿ ತಟ್ಟೆ ಖಾಲಿ ಮಾಡಿ ಎದ್ದರು.

ಸಂಗತಿ ಇಷ್ಟು. ಮೇಷ್ಟ್ರಿಗೆ ಈ ವಿಶ್ವವಿದ್ಯಾಲಯದಲ್ಲಿ ಮೌನದ ಮೇಷ್ಟ್ರು ಅಂತ ಹೆಸರು. ಹಿಂದಿನಿಂದ ಕರೆಯುತ್ತಾರೆ, ಅವರಿಗೆ ಗೊತ್ತು, ಒಳಗೊಳಗೇ ಹಿಗ್ಗುತ್ತಾರೆ ಕೂಡ. ಪ್ರತಿವರ್ಷ ಅವರು ಒಂದು ಹಳೆಯ ನಾಟಕವನ್ನು ತರಗತಿಯಲ್ಲಿ ಓದಿಸುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ, ಎಲ್ಲರ ಕೈಯಲ್ಲೂ ಝೆರಾಕ್ಸ್ ಪ್ರತಿ. ಪುಸ್ತಕ ಅಚ್ಚಿನಲ್ಲಿಲ್ಲ, ಚಿಕ್ಕ ವಯಸ್ಸಿನಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದಾಗ, ಗ್ರಂಥಾಲಯದ ಪುಸ್ತಕದಿಂದ ಅವರೇ ನಿಂತು ಮಾಡಿಸಿದ ಪ್ರತಿ, ಪುಟಸಂಖ್ಯೆಯ ಅಂಚು ಅದರಲ್ಲಿ ಬಿದ್ದೇ ಇರಲಿಲ್ಲ, ಆಮೇಲಿನವೆಲ್ಲ ಅದರ ಮರಿಗಳು. ನಾಟಕದಲ್ಲಿ ಒಬ್ಬ ತಾಯಿ, ಇಬ್ಬರು ಮಕ್ಕಳು. ದೊಡ್ಡವನು ಸುಳ್ಳು ಸಾಕ್ಷಿ ಹೇಳಿ ಚಿಕ್ಕವನನ್ನು ಜೈಲಿಗೆ ಕಳಿಸಿದ್ದಾನೆ. ಕೊನೆಯ ಅಂಕದಲ್ಲಿ ಊಟಕ್ಕೆ ಕೂತವನು ತಾಯಿಯನ್ನು ಕೇಳುತ್ತಾನೆ: "ನಾನು ಮಾಡಿದ್ದು ತಪ್ಪಾ? ಹೇಳು." ಪುಟ ಮುಗಿಯುತ್ತದೆ. ಮುಂದಿನ ಪುಟದ ತಲೆಯಲ್ಲಿ, ತಾಯಿ ದೀಪ ಆರಿಸುತ್ತಾಳೆ ಅಂತಿದೆ, ಆಮೇಲೆ ಮಗನ ಮಾತು: "ಸಾಕಮ್ಮ, ಕೇಳಿಸಿತು. ಆ ಕಾಲುನೋವಿನ ವಿಷಯ ಯಾಕಾದರೂ ಎತ್ತಿದೆ." ತಾಯಿ ಏನೂ ಹೇಳಿಲ್ಲ, ಮಗನಿಗೆ ಎಲ್ಲ ಕೇಳಿಸಿದೆ! ಈ ಜಾಗಕ್ಕೆ ಬಂದಾಗ ಮೇಷ್ಟ್ರು ಕೈ ಎತ್ತುತ್ತಾರೆ. ತಾಯಿಯ ಪಾತ್ರ ಓದುತ್ತಿರುವವರು ಎದ್ದು ನಿಲ್ಲಬೇಕು, ಉಳಿದವರೆಲ್ಲ ಹಾಳೆ ಮುಚ್ಚಿ ಆ ಮುಖವನ್ನೇ ನೋಡುತ್ತ ಸುಮ್ಮನೆ ಕೂರಬೇಕು. ಫ್ಯಾನಿನ ಸದ್ದು, ಯಾರದೋ ಕೆಮ್ಮು, ಒಮ್ಮೊಮ್ಮೆ ಯಾರಾದರೂ ಅತ್ತದ್ದೂ ಉಂಟು. ಆಮೇಲೆ ಮೇಷ್ಟ್ರು ಮೆಲ್ಲಗೆ, "ಕೇಳಿಸ್ತಾ?" ಅನ್ನುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ಕೇಳಿಸಲಿಲ್ಲ ಅನ್ನುವ ಎದೆ ಯಾರಿಗಿದೆ? ಹಳೆಯ ವಿದ್ಯಾರ್ಥಿಗಳು ಮದುವೆಮನೆಯಲ್ಲಿ ಸಿಕ್ಕರೂ ಆ ಮೌನದ ಮಾತನ್ನೇ ಎತ್ತುತ್ತಾರೆ. ಆಡದ ಕಾಲುನೋವು ಅಂತ ಮೇಷ್ಟ್ರ ಒಂದು ಲೇಖನವೇ ಇದೆ; ನಾಟಕದಲ್ಲಿ ಎಲ್ಲೂ ಬರೆದಿರದ, ನಾವೇ ಊಹಿಸಿಕೊಳ್ಳಬೇಕಾದ ತಾಯಿಯ ಕುಂಟು ನಡಿಗೆಯೇ ಆಕೆಯ ಮಾತು ಅನ್ನುವುದು ಅದರ ತಿರುಳು.

ಹೋದ ವಾರ ತಾಯಿಯ ಪಾತ್ರ ಪಿಸುಪಿಸು ಅನ್ನುವ ಹುಡುಗಿಗೆ ಬಂದಿತ್ತು. ದನಿ ಸಣ್ಣದು ಅಂತ ಹುಡುಗರು ಇಟ್ಟ ಹೆಸರು. ಈಗ ಹುಡುಗಿಯರೂ ಹಾಗೇ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ. ಗೋಡೆ ಪಕ್ಕದ ಕುರ್ಚಿಯಲ್ಲಿ, ಕುರ್ಚಿಗೆ ತೊಂದರೆಯಾದೀತೇನೋ ಅನ್ನುವ ಹಾಗೆ ತುದಿಯಲ್ಲಿ ಕೂರುವವಳು. ಎದ್ದು ನಿಂತಳು. ಎಲ್ಲರೂ ಸುಮ್ಮನಾದರು. ಫ್ಯಾನು ತಿರುಗುತ್ತಿತ್ತು. ಮೇಷ್ಟ್ರು ಇನ್ನೇನು ಕೇಳಿಸ್ತಾ ಅನ್ನಬೇಕು, ಅಷ್ಟರಲ್ಲಿ ಅವಳೇ, "ಸರ್, ಇಲ್ಲಿ ಏನೋ ಬಿಟ್ಟುಹೋಗಿದೆ ಅನ್ಸುತ್ತೆ" ಅಂದಳು. "ಕಾಲುನೋವಿನ ವಿಷಯ ಯಾಕೆ ಎತ್ತಿದೆ ಅಂತಾನಲ್ಲ ಸರ್ ಮಗ, ಅವಳು ಎತ್ತೇ ಇಲ್ಲ. ಮುಂಚೆ ಎಲ್ಲೂ ಕಾಲುನೋವು ಅಂತಾನೂ ಇಲ್ಲ." ಮೇಷ್ಟ್ರಿಗೆ ಏನಾಯಿತೋ. ಗುಡಿಯೊಳಗೆ ಯಾರೋ ಚಪ್ಪಲಿ ಹಾಕಿಕೊಂಡು ಬಂದ ಹಾಗೆ ಮೈ ಉರಿಯಿತು. "ತಾವು ಹೇಳಿ ತಾಯೀ, ಏನು ಬಿಟ್ಟುಹೋಗಿದೆ?" ಅಂದರು. ತಾವು ಅಂದಾಗಲೇ ಮುಂದಿನ ಸಾಲಿನವರು ನಗಲು ಶುರುಮಾಡಿದ್ದರು. "ತಮ್ಮ ಮನೆಯಲ್ಲಿ ಟೀವಿ ಯಾವಾಗಲೂ ಹಾಕಿರುತ್ತೆ ಅಂತ ಕಾಣುತ್ತೆ. ಯಾರೂ ಅರಚದಿದ್ದರೆ ತಮಗೆ ಏನೋ ಬಿಟ್ಟುಹೋದ ಹಾಗೆ." ಇಡೀ ಕೋಣೆ ಘೊಳ್ಳೆಂದಿತು. ಅವಳೂ ನಕ್ಕಳು. ಆ ನಗು ಮೇಷ್ಟ್ರ ಕಣ್ಣಿಗೆ ಈಗ ಕಟ್ಟಿದ ಹಾಗಿತ್ತು. ಬಿದ್ದವರು ಎದ್ದು ಧೂಳು ಕೊಡವಿಕೊಳ್ಳುತ್ತ, ಏನೂ ಆಗಲಿಲ್ಲ ಅಂತ ನಗುತ್ತಾರಲ್ಲ, ಅದು. ಇಷ್ಟು ಸಾಲದೆಂದು, ತರಗತಿಯ ಪದ್ಧತಿಯಂತೆ ಶಿಕ್ಷೆ ಬೇರೆ: ನಾಟಕದ ಜೊತೆ ಜಗಳಕ್ಕೆ ಬಂದವರು ಮುಂದಿನ ವಾರ ನಿಂತು ಆ ಜಗಳ ತೀರಿಸಬೇಕು, ಅದಕ್ಕೆ ಅಂಕ. "ಮುಂದಿನ ವಾರ ನೀನೇ ಹೇಳು, ಅಲ್ಲಿ ಏನಿದೆ ಅಂತ."

ಅಲ್ಲಿ ಏನಿದೆ ಅನ್ನುವುದು ನಿನ್ನೆ ಗೊತ್ತಾಯಿತು. ಗ್ರಂಥಾಲಯದ ಹಳೆಯ ಉಗ್ರಾಣಕ್ಕೆ ಸುಣ್ಣ ಹೊಡೆಸುತ್ತಿದ್ದರು. ಗ್ರಂಥಪಾಲಕ ಕರೆಸಿ, "ನಿಮ್ಮ ನಾಟಕದ ಮೂಲ ಪುಸ್ತಕ ಸಿಕ್ಕಿದೆ, ಬೈಂಡು ಕಿತ್ತಿದೆ, ಬೇಕಾದರೆ ಇಟ್ಟುಕೊಳ್ಳಿ" ಅಂದ. ಹಳೇ ಸ್ನೇಹಿತನನ್ನು ನೋಡುವ ಖುಷಿಯಲ್ಲಿ ಹೋದರು. ಕಿಟಕಿಯ ಹತ್ತಿರ ನಿಂತು ಕೊನೆಯ ಅಂಕ ತೆಗೆದರು. ಆ ಜಾಗದಲ್ಲಿ ಹಾಳೆ ಹೆಬ್ಬೆರಳಿಗೆ ದಪ್ಪ ಸಿಕ್ಕಿತು. ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಚಿನಲ್ಲಿ ಕಂದು ಬಣ್ಣದ ಕಲೆ, ಚಹಾ ಚೆಲ್ಲಿ ಒಣಗಿದ್ದು. ಸ್ಟೀಲಿನ ಅಡಿಪಟ್ಟಿ ತಂದು, ಉಸಿರು ಬಿಗಿಹಿಡಿದು, ಮೆಲ್ಲಗೆ ಬಿಡಿಸಿದರು. ಎದುರುಬದುರು ಎರಡು ಪುಟ, ಅಚ್ಚು ಇನ್ನೂ ಹೊಸದರ ಹಾಗೆ ಕಪ್ಪಗಿತ್ತು. ಎರಡೂ ಪುಟದ ತುಂಬ ತಾಯಿಯೇ. ಮಾತು, ಮಾತು, ಮಾತು! ಮಗನಿಗೆ ಉಸಿರಾಡಲೂ ಬಿಡದೆ ಬೈಯುತ್ತಾಳೆ, ಮೂಗು ಒರೆಸಿಕೊಳ್ಳುತ್ತಾಳೆ, ಮತ್ತೆ ಬೈಯುತ್ತಾಳೆ. ಕಾಲುನೋವು ಚಿಕ್ಕವನನ್ನು ನೋಡಲು ಜೈಲಿನ ಬಾಗಿಲಿಗೆ ನಡೆದೂ ನಡೆದೂ ಬಂದದ್ದು. ಮೇಷ್ಟ್ರು ಕಿಟಕಿಯ ಸರಳು ಹಿಡಿದುಕೊಂಡರು. ಸುಣ್ಣದ ವಾಸನೆಗೆ ತಲೆ ತಿರುಗಿತು ಅಂತ ಗ್ರಂಥಪಾಲಕನಿಗೆ ಹೇಳಿದರು. ಆ ಕಾಲದಲ್ಲಿ ಗ್ರಂಥಾಲಯದ ಪುಸ್ತಕವನ್ನು ಕೋಣೆಗೆ ಒಯ್ದು ಚಹಾ ಕುಡಿಯುತ್ತ ಓದುತ್ತಿದ್ದವರು ಯಾರು? ತಾವೇ. ಬೇರೆಯವರೂ ಓದಿರಬಹುದಲ್ಲ. ಓದಿರಬಹುದು. ಅಂತೂ ಅಷ್ಟು ವರ್ಷ ಒಂದು ಲೋಟ ಚಹಾಕ್ಕೆ ಅರ್ಥ ಹುಡುಕಿದ್ದಾಯಿತು, ಅದಕ್ಕೆ ಹುಡುಗರನ್ನು ಅಳಿಸಿದ್ದೂ ಆಯಿತು. ಆ ಎರಡು ಪುಟವನ್ನು ಹೊಸದಾಗಿ ಝೆರಾಕ್ಸ್ ಮಾಡಿಸಿಕೊಂಡು ಮನೆಗೆ ಬಂದರು. ಕೊನೆಯ ನಾಲ್ಕು ಸಾಲನ್ನು ಮಾತ್ರ ಎರಡನೇ ಸಲ ಓದುವ ಧೈರ್ಯವಾಗಲಿಲ್ಲ.

ನಲ್ಲಿ ನಿಲ್ಲಿಸಿ ತರಗತಿಗೆ ಹೋದರು. ಎಲ್ಲರೂ ಎದ್ದರು, ಕೂತರು. ಹೇಳಬೇಕಾದ ಮಾತು ಬಾಯಿಪಾಠವಾಗಿತ್ತು: ಹೋದ ವಾರ ಅವಳು ಹೇಳಿದ್ದೇ ಸರಿ, ತಪ್ಪು ನನ್ನದು, ನಕ್ಕಿದ್ದಕ್ಕೆ ಎಲ್ಲರ ಪರವಾಗಿ ಕ್ಷಮೆ. ಬಂದ ಕೂಡಲೇ ಹೇಳಿಬಿಡಬೇಕು, ಹಾಜರಿಗೂ ಮುಂಚೆ. ಆದರೆ ಬಂದ ಕೂಡಲೇ ಅಂದರೆ ಯಾವಾಗ? ಕುರ್ಚಿ ಸರಿಮಾಡಿಕೊಂಡ ಮೇಲೆ. ಚೀಲ ಮೇಜಿನ ಮೇಲಿಡಬೇಕೋ ಕೆಳಗೋ? ಕೆಳಗಿಟ್ಟರು. ಹಾಜರಿ ಕರೆದುಬಿಟ್ಟರೆ ಎಲ್ಲರೂ ಬಂದಿದ್ದಾರೋ ಇಲ್ಲವೋ ಗೊತ್ತಾಗುತ್ತದೆ, ಇಂಥ ಮಾತನ್ನು ಎಲ್ಲರ ಮುಂದೆ ಹೇಳುವುದೇ ಸರಿ. ಹಾಜರಿ ಕರೆದರು. ಮುಂದಿನ ಸಾಲಿನಲ್ಲಿ ಭಾಷಣ ಅನ್ನುವ ಹುಡುಗ, ಎರಡು ನಿಮಿಷ ಸಿಕ್ಕರೆ ಸಭೆ ನಡೆಸಿಬಿಡುವವನು, ಎದ್ದು, "ಸರ್, ನಮ್ಮಣ್ಣನೂ ನಿಮ್ಮ ವಿದ್ಯಾರ್ಥಿ. ಆ ಮೌನದ ವಿಷಯ ಹೇಳಿದ್ರೆ ಈಗಲೂ ಅವನಿಗೆ ರೋಮ ನಿಲ್ಲುತ್ತೆ ಸರ್" ಅಂದ. ಅಯ್ಯೋ ಪುಣ್ಯಾತ್ಮ, ಇವತ್ತೇ ಹೇಳಬೇಕಿತ್ತಾ? ಮೇಷ್ಟ್ರ ಮುಖದ ಮೇಲೆ, ಅವರ ಅಪ್ಪಣೆ ಕೇಳದೆ, ಹಳೆಯ ಆ ಸಣ್ಣ ನಗು ಬಂದು ಕೂತಿತು. ಬಾಯಲ್ಲಿದ್ದ ಮಾತು ಬಿಸಿತುಪ್ಪವಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸರಿ, ಮೊದಲು ಅವಳು ಮಾತಾಡಲಿ. ಏನೋ ಬಿಟ್ಟುಹೋಗಿದೆ ಅಂತ ಮತ್ತೆ ಹೇಳೇ ಹೇಳುತ್ತಾಳೆ. ಆಗ ಚೀಲದಿಂದ ಹಾಳೆ ತೆಗೆದು, ತಗೋಮ್ಮ, ಗೆದ್ದೆ ಅಂತ ಕೊಟ್ಟರಾಯಿತು. ಅದು ಇನ್ನೂ ಚೆನ್ನಾಗಿರುತ್ತದೆ. ಚೆನ್ನಾಗಿ ಅನ್ನುವ ಆ ಮಾತು ತಮ್ಮೊಳಗೆ ಹೊಳೆದದ್ದೇ ಮೇಷ್ಟ್ರಿಗೆ ನಾಚಿಕೆಯಾಯಿತು. ತಪ್ಪೊಪ್ಪಿಗೆಯನ್ನೂ ನಾಟಕ ಮಾಡಿ ಚಪ್ಪಾಳೆ ಗಿಟ್ಟಿಸುವ ಆಸೆ. ಆದರೂ ಕಾದರು.

ಪಿಸುಪಿಸು ಎದ್ದು ಬಂದು ಮುಂದೆ ನಿಂತಳು. ಕೈಯಲ್ಲಿ ಕಾಗದ ಇರಲಿಲ್ಲ. ಒಂದು ಕೈ ಇನ್ನೊಂದರ ಬೆರಳು ಹಿಡಿದುಕೊಂಡಿತ್ತು. "ಸರ್, ಹೋದ ವಾರ ನಾನು ಹೇಳಿದ್ದು ತಪ್ಪು" ಅಂದಳು.

ಮೇಷ್ಟ್ರಿಗೆ ತಾವು ಹೇಳಬೇಕಾದ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ ಹಾಗಾಯಿತು. "ಅಲ್ಲ, ನೋಡಮ್ಮ" ಅಂದರು. ಆ ಅಲ್ಲ ಯಾರಿಗೂ ಕೇಳಿಸಲಿಲ್ಲ. "ಸ್ವಲ್ಪ ಜೋರಾಗಿ" ಅಂತ ಹಿಂದಿನಿಂದ ಯಾರೋ ಕೂಗಿದರು. ಅದು ಅವಳಿಗೆ ಹೇಳಿದ್ದು.

"ವಾರವಿಡೀ ಓದಿದೆ ಸರ್. ನಂಗೆ ಅರ್ಥ ಆಗದೆ ಇದ್ದದ್ದು ಯಾಕೆ ಅಂದ್ರೆ, ನಮ್ಮಮ್ಮ. ಅವಳೂ ಹಿಂಗೇ, ಮನೇಲಿ ಏನು ನಡೆದ್ರೂ ಬಾಯಿ ಬಿಡಲ್ಲ. ನಮ್ಮಕ್ಕನ ಓದು ಬಿಡಿಸಿದಾಗ ಅಮ್ಮ ಅಲ್ಲೇ ಕೂತು ಬಟ್ಟೆ ಮಡಚ್ತಾ ಇದ್ಲು. ಒಂದು ಮಾತು ಬೇಡ್ವಾ? ನಂಗೆ ತುಂಬಾ ಸಿಟ್ಟಿತ್ತು. ಹೆದರುಪುಕ್ಕಲಿ ಅಂದ್ಕೊಂಡಿದ್ದೆ. ಅದಕ್ಕೇ ನಾಟಕದಲ್ಲಿ ಈ ತಾಯಿ ಏನಾದ್ರೂ ಹೇಳ್ಲೇಬೇಕು ಅಂತ ನಂಗೆ ಹಟ. ಸರ್ ಅಂದ್ರಲ್ಲ, ಅರಚಿದ್ರೆ ಮಾತ್ರ ಮಾತಾ ಅಂತ. ಆಮೇಲೆ ಹೊಳೀತು, ಅಮ್ಮನೂ ಹೇಳಿದಾಳೆ, ನಮಗೇ ಕೇಳಿಸಿಲ್ಲ." ಇಲ್ಲಿ ಅವಳ ದನಿ ಸ್ವಲ್ಪ ಏರಿತು. ಕೋಣೆ ನಿಶ್ಶಬ್ದವಾಗಿತ್ತು, ವರ್ಷವರ್ಷವೂ ಮೇಷ್ಟ್ರು ಕೈ ಎತ್ತಿ ಮಾಡಿಸುವ ನಿಶ್ಶಬ್ದವಲ್ಲ ಅದು. "ಈ ವಾರ ನಮ್ಮಣ್ಣ ನನ್ನನ್ನೂ ಕೂರಿಸಿಕೊಂಡು ಕೇಳಿದ ಸರ್. ನಾಟಕ ಗೀಟಕ ಸಾಕು, ಅಕ್ಕನ ಮನೇಗೆ ಹೋಗಿ ಮಕ್ಕಳನ್ನ ನೋಡ್ಕೊಂಡಿರು, ಏನಂತೀಯ ಅಂತ. ಮುಂಚೆ ಆಗಿದ್ರೆ ಜಗಳ ಆಡಿ ಅತ್ತುಬಿಡ್ತಿದ್ದೆ. ಈ ಸಲ ಆಡ್ಲಿಲ್ಲ. ಅವನ ಮುಖ ನೋಡ್ತಾ ಸುಮ್ನೆ ನಿಂತ್ಕೊಂಡೆ, ಹೋದ ವಾರ ಇಲ್ಲಿ ನಿಂತಿದ್ನಲ್ಲ, ಹಂಗೆ. ಅವನಿಗೆ ಕೇಳಿಸಿರುತ್ತೆ ಸರ್. ಅಷ್ಟೇ."

ಮೊದಲು ಚಪ್ಪಾಳೆ ತಟ್ಟಿದ್ದು ಯಾರು? ಆಮೇಲೆ ಮೇಷ್ಟ್ರು ಎಷ್ಟು ಸಲ ನೆನಪಿಸಿಕೊಂಡರೂ, ಭಾಷಣ ಇರಬೇಕು, ಹಿಂದಿನ ಸಾಲಿನವರು ಇರಬೇಕು ಅಂತ ಎಷ್ಟು ಹುಡುಕಿದರೂ, ಕೊನೆಗೆ ಸಿಕ್ಕಿದ್ದು ತಮ್ಮದೇ ಎರಡು ಕೈ. ಈ ತರಗತಿಯಲ್ಲಿ ಅವರು ಯಾರಿಗೂ ಚಪ್ಪಾಳೆ ತಟ್ಟಿದವರಲ್ಲ. ಇದು ಓದುವ ಕೋಣೆ, ಸರ್ಕಸ್ ಡೇರೆ ಅಲ್ಲ ಅಂತ ಪ್ರತಿವರ್ಷ ಮೊದಲ ದಿನವೇ ಹೇಳಿಬಿಡುವವರು. ಅವರು ತಟ್ಟಿದ್ದು ನೋಡಿ ಇಡೀ ಕೋಣೆ ಹುಚ್ಚೆದ್ದ ಹಾಗೆ ತಟ್ಟಿತು. ಯಾಕೆ ತಟ್ಟಿದರು? ಎದೆಯೊಳಗೆ ಏನೋ ಕುಸಿಯುತ್ತಿತ್ತು, ಆ ಸದ್ದು ಕೇಳಿಸಬಾರದು ಅಂತ ತಟ್ಟಿದರೋ, ಅಥವಾ, ಇದನ್ನು ಒಪ್ಪಿಕೊಳ್ಳಲು ಅವರಿಗೆ ತುಂಬ ಹೊತ್ತು ಬೇಕಾಯಿತು, ನಿಜಕ್ಕೂ ಖುಷಿಯಾಗಿತ್ತೋ. ಬಚಾವಾದೆ ಅನ್ನುವ ಖುಷಿ. ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ, ಪುಸ್ತಕ ತಮ್ಮ ಮನೆಯ ಕಪಾಟಿನಲ್ಲಿದೆ, ಅದರ ಮೇಲೆ ನಾಲ್ಕು ದಪ್ಪ ನಿಘಂಟು ಇಟ್ಟರೆ ಮುಗಿಯಿತು. "ಶಭಾಷ್" ಅಂದರು. ಅಂದದ್ದು ಕಿವಿಗೆ ಬಿದ್ದ ಮೇಲೆ ಕೈ ನಿಂತವು. ಅವಳ ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರಿತ್ತು. ಹೋದ ವಾರದ ಧೂಳೆಲ್ಲ ಇವತ್ತು ಹೋಯಿತು ಅನ್ನುವ ಹಾಗೆ ನಗುತ್ತಿದ್ದಳು.

ಮಿಕ್ಕ ಹೊತ್ತು ಏನು ಪಾಠ ಮಾಡಿದರೋ ದೇವರಿಗೇ ಗೊತ್ತು. ಬೆಳಕಿನ ವಿಷಯ, ಪರದೆಯ ವಿಷಯ. ಗಂಟೆ ಹೊಡೆಯಿತು. ಎಲ್ಲರೂ ದಡಬಡ ಹೊರಟರು, ಹೋಗುತ್ತ ಅವಳ ಭುಜ ತಟ್ಟಿದರು, ಭಾಷಣ ಅವಳಿಗೆ ದಾರಿ ಬಿಟ್ಟು ನಿಂತ. ಅವಳೂ ಬಾಗಿಲ ತನಕ ಹೋದಳು. ಹೋಗಲಿ, ಹೋಗಿಬಿಡಲಿ ಅಂತ ಮೇಷ್ಟ್ರ ಒಳಗಿನ ಒಬ್ಬ ಪ್ರಾರ್ಥಿಸುತ್ತಿದ್ದ. ಆ ಪ್ರಾರ್ಥನೆಯ ಅಸಹ್ಯಕ್ಕೇ ಇರಬೇಕು, ಬಾಯಿ ತೆರೆಯಿತು.

"ಇಲ್ಲಿ ಬಾಮ್ಮ ಒಂದ್ನಿಮಿಷ."

ಬಂದಳು.

"ಅಣ್ಣ... ನಿಮ್ಮಣ್ಣ ಆಮೇಲೆ ಏನಂದ್ರು?"

ಅವಳು ಚೀಲದ ಪಟ್ಟಿ ಸರಿಮಾಡಿಕೊಂಡಳು. "ಏನಿಲ್ಲ ಸರ್. ಸುಮ್ನಿದಾಳೆ ಅಂದ್ರೆ ಒಪ್ಪಿದ ಹಂಗೇ, ಮೌನಂ ಸಮ್ಮತಿ ಲಕ್ಷಣಂ ಅಂತ ನಕ್ಕ. ಅಕ್ಕಂಗೆ ಫೋನ್ ಮಾಡ್ಬಿಟ್ಟ. ಈ ತಿಂಗಳ ಕೊನೇಲಿ ಹೋಗ್ಬೇಕು." ಬಾಗಿಲ ಕಡೆ ತಿರುಗಿದವಳು ಮತ್ತೆ ಇತ್ತ ತಿರುಗಿ, "ಆದ್ರೆ ಒಳಗೆ ಅವನಿಗೆ ಗೊತ್ತಿರುತ್ತೆ ಅಲ್ವಾ ಸರ್?" ಅಂದಳು. ಅದು ಪ್ರಶ್ನೆಯೇ ಆಗಿತ್ತು. ಉತ್ತರ ಬಲ್ಲವರು ಅಂತ ಅವರನ್ನು ಕೇಳಿದ್ದಳು.

ಮೇಷ್ಟ್ರು ಬಗ್ಗಿ ಮೇಜಿನ ಕೆಳಗಿಂದ ಚೀಲ ಎತ್ತಿದರು. ಜಿಪ್ಪು ಅರ್ಧಕ್ಕೇ ಸಿಕ್ಕಿಕೊಂಡಿತು; ಎಳೆದರು, ಬರಲಿಲ್ಲ, ಸಂದಿಯಲ್ಲೇ ಕೈ ತೂರಿಸಿ ಎರಡು ಹಾಳೆ ಈಚೆ ತೆಗೆದರು. ಏನಾದರೂ ಹೇಳಿ ಕೊಡಬೇಕಿತ್ತು. ಸುಮ್ಮನೆ ಕೊಟ್ಟರು. ಅವಳು ಮೇಲೆ ಕೆಳಗೆ ನೋಡಿದಳು. ಮೊದಲು ಅದೇನೆಂದು ತಿಳಿಯಲಿಲ್ಲ, ಆಮೇಲೆ ಪಾತ್ರದ ಹೆಸರಿನ ಜಾಗದಲ್ಲಿ ತಾಯಿ ಅಂತ ಇರುವುದು ಕಂಡಿತು. ಹೋದ ವಾರ ನಿಂತಿದ್ದ ಜಾಗಕ್ಕೆ, ಗೋಡೆಯ ಪಕ್ಕಕ್ಕೆ, ತನಗೇ ಗೊತ್ತಿಲ್ಲದ ಹಾಗೆ ನಡೆದುಹೋದಳು. ಓದತೊಡಗಿದಳು. ಮೊದಲು ತುಟಿ ಮಾತ್ರ ಆಡುತ್ತಿತ್ತು, ಬರಬರುತ್ತ ದನಿ ಬಂತು. ಆಗಷ್ಟೇ ಓದು ಕಲಿತ ಮಕ್ಕಳು ಬೋರ್ಡು ಓದುವ ಹಾಗೆ ಒಂದೊಂದೇ ಪದ. ಕಾಲುನೋವು ಬಂತು, ಜೈಲಿನ ಬಾಗಿಲು ಬಂತು. ಅಲ್ಲಿ ಅವಳು ಒಮ್ಮೆ ತಲೆಯೆತ್ತಿ ಮೇಷ್ಟ್ರನ್ನು ನೋಡಿ ಮತ್ತೆ ಓದಿದಳು. ಎರಡನೇ ಹಾಳೆಗೆ ಬರುವ ಹೊತ್ತಿಗೆ ಆ ದನಿಯನ್ನು ಪಿಸುಪಿಸು ಅನ್ನುವ ಹಾಗಿರಲಿಲ್ಲ. ಕಾರಿಡಾರಿನಲ್ಲಿ ಹೋಗುತ್ತಿದ್ದ ಯಾರೋ ನಿಂತು ಒಳಗೆ ಇಣುಕಿ ಮುಂದೆ ಹೋದರು.

"ಇಷ್ಟು ದಿನ ನಾನು ಸುಮ್ಮನಿದ್ದೆ ಅಂತ ಒಪ್ಪಿಕೊಂಡೆ ಅಂದುಕೊಳ್ಳಬೇಡ" ಅಂತ ಓದಿದಳು. "ಅದೇನು ದೊಡ್ಡತನ ಅಲ್ಲ. ಹೆದರಿಕೆ. ಹೆದರಿ ಬಾಯಿ ಮುಚ್ಚಿಕೊಂಡಿದ್ದೆ. ಹೆದರಿದವಳ ಮೌನಕ್ಕೆ ನಿನಗೆ ಬೇಕಾದ ಅರ್ಥ ಹಚ್ಚಿಕೊಂಡು ನೀನು ಸುಖವಾಗಿ ಉಂಡೆ."

ಹಾಳೆ ಅಲ್ಲಿಗೆ ಮುಗಿದಿತ್ತು. ಮೇಷ್ಟ್ರು ಮೇಜಿನ ಅಂಚನ್ನು ನೋಡುತ್ತಿದ್ದರು. ಅವಳು ಎರಡು ಹಾಳೆಯನ್ನೂ ಅಂಚಿಗೆ ಅಂಚು ಕೂಡಿಸಿ, ನಾಲ್ಕಾಗಿ ಮಡಚಿ, ತನ್ನ ಚೀಲಕ್ಕೆ ಹಾಕಿಕೊಂಡಳು. ಕೊಡಿ ಅಂತ ಕೇಳಲೂ ಇಲ್ಲ, ಇಟ್ಟುಕೊಳ್ಳಲಾ ಅಂತಲೂ ಅನ್ನಲಿಲ್ಲ.

"ಇದು ನಿಮಗೆ ಯಾವಾಗ ಸಿಕ್ತು ಸರ್?"

ಈಗ ತಾನೇ ಅನ್ನಬಹುದಿತ್ತು. ಗ್ರಂಥಪಾಲಕ ಇವತ್ತು ಬೆಳಿಗ್ಗೆ ಕೊಟ್ಟ, ನಾನಿನ್ನೂ ಓದೇ ಇಲ್ಲ ಅನ್ನಬಹುದಿತ್ತು. ಝೆರಾಕ್ಸ್ ಅಂಗಡಿಯವನೂ ಪಾಪ ಕೈಗೆ ಸಿಗುವ ಹಾಗೇ ನಿಂತಿದ್ದ.

"ನಿನ್ನೆ."

"ಅಂದ್ರೆ ನಾನು ಅಲ್ಲಿ ನಿಂತು ನಮ್ಮಮ್ಮನ ವಿಷಯ ಎಲ್ಲ ಹೇಳ್ತಿದ್ದಾಗ, ಇದು ನಿಮ್ಮ ಚೀಲದಲ್ಲೇ ಇತ್ತು."

ಮೇಷ್ಟ್ರು ಹೂಂ ಅಂದರೋ, ಅನ್ನಬೇಕು ಅಂದುಕೊಂಡರೋ.

"ನೀವು ಚಪ್ಪಾಳೆ ತಟ್ಟಿದ್ರಿ ಸರ್." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಲೆಕ್ಕ ತಾಳೆಯಾಗದವರು ಮತ್ತೊಮ್ಮೆ ಕೂಡಿ ನೋಡುವ ಹಾಗೆ ಇತ್ತು. "ನೀವು ಯಾರಿಗೂ ತಟ್ಟಲ್ಲ. ನಂಗೆ ತಟ್ಟಿದ್ರಿ. ಯಾಕೆ ಸರ್?"

ಮೇಷ್ಟ್ರು ತಲೆಯೆತ್ತಿದರು. ಹೇಳಬೇಕಾದದ್ದೆಲ್ಲ ಬಾಯಿಯ ಹತ್ತಿರ ಬಂದು ನಿಂತಿತ್ತು, ಬಾಯಿಪಾಠ ಮಾಡಿದ್ದೂ, ಮಾಡದೆ ಇದ್ದದ್ದೂ. ಅವಳನ್ನು ನೋಡಿದರು. ಆ ನೋಟದಲ್ಲಿ ಎಲ್ಲ ಇತ್ತು: ಕ್ಷಮೆ ಇತ್ತು, ನಾಚಿಕೆ ಇತ್ತು, ಇಷ್ಟು ವರ್ಷದ್ದೆಲ್ಲ ಇತ್ತು, ಅಂತ ಅವರಿಗನ್ನಿಸಿತು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವಳು ಕಾದಳು. ಕಣ್ಣು ಮಿಟುಕಿಸದೆ, ತರಗತಿಯಲ್ಲಿ ಹೇಳಿಕೊಟ್ಟ ಹಾಗೇ, ಅವರ ಮುಖವನ್ನೇ ನೋಡುತ್ತ ತುಂಬ ಹೊತ್ತು ಕಾದಳು.

"ಬಾಯಿ ಬಿಟ್ಟು ಹೇಳಿ ಸರ್" ಅಂದಳು. "ನಂಗೆ ಏನೂ ಕೇಳಿಸ್ತಾ ಇಲ್ಲ."